ಮತ ಎರಡು, ಕಟ್ಟೆ ಒಂದು

ಕನ್ನಡದಲ್ಲಿ ‘ಮತ’ ಎಂಬ ಶಬ್ದಕ್ಕೆ ಎರಡು ಅರ್ಥಗಳು ಬಹು ಹಿಂದಿನಿಂದಲೂ ಇದ್ದವು: ಒಂದು ಧರ್ಮ, ಇನ್ನೊಂದು ಅಭಿಪ್ರಾಯ. ಚುನಾವಣೆಗಳು ಬಂದ ಮೇಲೆ ಮೂರನೆಯದೊಂದು ಸೇರಿಕೊಂಡಿತು. ಪೆಟ್ಟಿಗೆಯಲ್ಲಿ ಹಾಕುವ ಚೀಟಿಯೂ ಮತವೆನಿಸಿತು. ಈ ಮೂರನೆಯ ಅರ್ಥದ ಮತವನ್ನು ಎಣಿಸಬಹುದು, ಕೂಡಿಸಬಹುದು, ಗೆದ್ದವರಾರು ಸೋತವರಾರು ಎಂದು ಡಂಗುರ ಸಾರಬಹುದು. ಎರಡನೆಯ ಅರ್ಥದ ಮತದ ಸ್ವಭಾವವೇ ಬೇರೆ. ಅದು ಚೀಟಿಯೊಡನೆ ಪೆಟ್ಟಿಗೆಯೊಳಗೆ ಬೀಳುವುದಿಲ್ಲ. ಹಾಕಿದವನ ಸಂಗಡವೇ ಮನೆಗೆ ಮರಳಿ ಬರುತ್ತದೆ, ಅವನೊಡನೆ ಊಟಕ್ಕೆ ಕೂಡುತ್ತದೆ, ಸಂಜೆ ಅವನ ಜೊತೆಯಲ್ಲಿಯೇ ಕಟ್ಟೆಗೆ ಹೋಗಿ ನೆರೆಯವನ ಮತದೊಡನೆ ಜಗಳ ತೆಗೆಯುತ್ತದೆ. ಚುನಾವಣೆಗಳ ಇತಿಹಾಸವನ್ನು ಬರೆಯುವವರು ಎಣಿಕೆ ಮುಗಿದ ರಾತ್ರಿಗೆ ಲೇಖನಿಯನ್ನು ಕೆಳಗಿಡುವುದು ವಾಡಿಕೆ. ಮರುದಿನ ಬೆಳಗಿನಿಂದ ಪ್ರಜೆಗಳ ನಡುವೆ ಏನಾಯಿತೆಂಬುದನ್ನು ಬರೆದಿಟ್ಟವರು ಕಡಿಮೆ. 1977ರ ಲೋಕಸಭಾ ಚುನಾವಣೆಯ ಮರುದಿನದ ಆ ಕಥೆಯನ್ನು ನಮ್ಮ ಸೀಮೆಯಲ್ಲಿ ನಿಂತು ನೋಡುವುದು ಈ ಲೇಖನದ ಉದ್ದೇಶ.

ನನ್ನ ಹಿರಿಯರ ಊರು ಕೊಡಂಬಲ. ಬೀದರ ಜಿಲ್ಲೆಯ ಈ ಹಳ್ಳಿ ಮೊದಲು ಹುಮನಾಬಾದ ತಾಲೂಕಿನಲ್ಲಿದ್ದು, ಈಗ ಚಿಟಗುಪ್ಪಾ ತಾಲೂಕಿಗೆ ಸೇರಿದೆ. ವಾಯವ್ಯಕ್ಕೆ ಬಸವಕಲ್ಯಾಣ, ದಕ್ಷಿಣದ ಕಡೆಗೆ ಚಿಂಚೋಳಿ, ಮೂಡಲಿಗೆ ಹೋದರೆ ಜಹೀರಾಬಾದ. ಭಿನ್ನಮತದ ಬೆಲೆ ಎಷ್ಟೆಂಬುದು ಈ ನೆಲಕ್ಕೆ ಹೊಸದಾಗಿ ಕಲಿಸಬೇಕಾದ ಪಾಠವಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಎದ್ದ ವಿರಸವು ಮಾತಿನಲ್ಲಿ ಮುಗಿಯಲಿಲ್ಲ. ಬಿಜ್ಜಳನು ಹತನಾದನು, ಶರಣರು ದಿಕ್ಕುದಿಕ್ಕಿಗೆ ಚದುರಿದರು. ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. 1947-48ರಲ್ಲಿ ಹೈದರಾಬಾದ ಸಂಸ್ಥಾನವು ಭಾರತದೊಳಗೆ ಸೇರಬೇಕೇ ಬೇಡವೇ ಎಂಬ ಪ್ರಶ್ನೆ ಎದ್ದಾಗ ರಜಾಕಾರರ ಹಾವಳಿಯಲ್ಲಿ ಹಳ್ಳಿಗಳು ಬೆಂದವು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ ಪ್ರತೀಕಾರವೂ ನಡೆದು, ಯಾವ ಪಾಪವನ್ನೂ ಅರಿಯದ ಮುಸಲ್ಮಾನ ಸಂಸಾರಗಳು ನಾಶವಾದವು. ಆ ಪ್ರತೀಕಾರದ ಬಿಸಿ ಬಹಳವಾಗಿ ತಟ್ಟಿದ ಜಿಲ್ಲೆಗಳಲ್ಲಿ ಬೀದರವೂ ಒಂದು. ಹೀಗೆ ನಮ್ಮ ಹಿರಿಯರ ತಲೆಮಾರಿಗೆ, ಊರಿನೊಳಗಿನ ಮತಭೇದವೆಂದರೆ ಅದು ಕೊನೆಗೆ ಬೆಂಕಿಗೂ ಕತ್ತಿಗೂ ಹೋಗಿ ಮುಟ್ಟುವ ವಸ್ತು ಎಂಬ ಭಯ ಎದೆಯಲ್ಲಿ ಕೂತಿದ್ದಿತು.

ಇನ್ನೊಂದು ಸಂಗತಿಯನ್ನೂ ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. 1956ರ ನವೆಂಬರ 1ರಂದು ಭಾಷಾವಾರು ಪ್ರಾಂತಗಳು ಆದಾಗ ಹಳೆಯ ಬೀದರ ಜಿಲ್ಲೆ ಮೂರು ಪಾಲಾಯಿತು. ಬೀದರ, ಭಾಲ್ಕಿ, ಹುಮನಾಬಾದ, ಔರಾದ ಇತ್ತ ಕನ್ನಡ ನಾಡಿಗೆ ಬಂದವು. ಉದಗೀರ, ಅಹಮದಪುರ, ನಿಲಂಗಾ ಮರಾಠಿ ಪ್ರಾಂತಕ್ಕೆ ಹೋದವು. ಜಹೀರಾಬಾದ ಮತ್ತು ನಾರಾಯಣಖೇಡ ತೆಲುಗರ ಪಾಲಾದವು. ನಕಾಶೆಯ ಮೇಲೆ ಗೆರೆ ಎಳೆದುದರಿಂದ ಬೀಗತನಗಳು ಕಡಿಯಲಿಲ್ಲ. ಈಗಲೂ ನಮ್ಮ ಕಡೆಯ ಒಂದು ಮದುವೆಯ ಹಂದರದಲ್ಲಿ ಮೂರು ರಾಜ್ಯಗಳ ಜನ ಕೂಡುತ್ತಾರೆ; ಕನ್ನಡದಲ್ಲಿ ಆರಂಭವಾದ ಮಾತು ಮರಾಠಿಯಲ್ಲಿ ಸಾಗಿ ಉರ್ದುವಿನಲ್ಲಿ ಮುಗಿಯುತ್ತದೆ.

ಇನ್ನು ಪ್ರಕೃತ ವಿಷಯಕ್ಕೆ ಬರೋಣ. 1975ರ ಜೂನ್ 25ರ ರಾತ್ರಿ ದೇಶದಲ್ಲಿ ತುರ್ತುಪರಿಸ್ಥಿತಿ ಘೋಷಿತವಾಯಿತು. ವಿರೋಧ ಪಕ್ಷಗಳ ಮುಖಂಡರು ಸೆರೆಮನೆ ಸೇರಿದರು. ಪತ್ರಿಕೆಗಳ ಮೇಲೆ ಪೂರ್ವಪರಿಶೀಲನೆ ಬಂದಿತು. ವಿಚಾರಣೆಯಿಲ್ಲದೆ ಬಂಧನದಲ್ಲಿದ್ದವರ ಸಂಖ್ಯೆ ಲಕ್ಷವನ್ನು ಮೀರಿತು. ಕರ್ನಾಟಕವೇನೂ ಇದರಿಂದ ಹೊರತಾಗಿರಲಿಲ್ಲ. ವಾಜಪೇಯಿ, ಆಡ್ವಾಣಿ ಮೊದಲಾದವರು ಬಂಧಿತರಾದುದೇ ಬೆಂಗಳೂರಿನಲ್ಲಿ. ‘ಸಂಸ್ಕಾರ’ ಚಿತ್ರದಲ್ಲಿ ಅಭಿನಯಿಸಿದ್ದ ಸ್ನೇಹಲತಾ ರೆಡ್ಡಿಯವರು ಬೆಂಗಳೂರಿನ ಸೆರೆಮನೆಯಲ್ಲಿ ಉಬ್ಬಸದಿಂದ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಶಿವರಾಮ ಕಾರಂತರು ತಮಗಿತ್ತ ಪದ್ಮಭೂಷಣವನ್ನು ಸರಕಾರಕ್ಕೆ ಮರಳಿಸಿದರು.

1977ರ ಮಾರ್ಚಿಯಲ್ಲಿ ಚುನಾವಣೆ ನಡೆದು ಫಲ ಹೊರಬಿದ್ದಾಗ ಒಂದೇ ದೇಶದಲ್ಲಿ ಎರಡು ದೇಶಗಳಿರುವಂತೆ ತೋರಿತು. ಉತ್ತರ ಪ್ರದೇಶ, ಬಿಹಾರ, ಪಂಜಾಬ, ಹರಿಯಾಣಾ, ದಿಲ್ಲಿಗಳಲ್ಲಿ ಕಾಂಗ್ರೆಸ್ಸಿಗೆ ಒಂದು ಸ್ಥಾನವೂ ದೊರೆಯಲಿಲ್ಲ. ಪ್ರಧಾನಿ ಇಂದಿರಾ ಗಾಂಧಿಯವರು ರಾಯಬರೇಲಿಯಲ್ಲಿ ರಾಜನಾರಾಯಣರಿಗೆ ಸೋತರು. ಕರ್ನಾಟಕದಲ್ಲಾದರೋ 28ರಲ್ಲಿ 26 ಸ್ಥಾನಗಳು ಅದೇ ಕಾಂಗ್ರೆಸ್ಸಿಗೆ! ಬೆಂಗಳೂರು ದಕ್ಷಿಣದಲ್ಲಿ ಕೆ. ಎಸ್. ಹೆಗ್ಡೆಯವರು, ಹಾಸನದಲ್ಲಿ ನಂಜೇಶಗೌಡರು, ಈ ಇಬ್ಬರನ್ನು ಬಿಟ್ಟರೆ ಜನತಾ ಪಕ್ಷಕ್ಕೆ ಇಲ್ಲಿ ಬೇರೆ ಗೆಲುವಿಲ್ಲ. ಆಂಧ್ರದಲ್ಲಿ 42ರಲ್ಲಿ 41 ಕಾಂಗ್ರೆಸ್ಸಿಗೆ. ಮಹಾರಾಷ್ಟ್ರ ಸರಿಯಾಗಿ ನಡುವೆ ಸೀಳಿತು. 48ರಲ್ಲಿ ಕಾಂಗ್ರೆಸ್ಸಿಗೆ 20 ಮಾತ್ರ. ಹಳೆಯ ಬೀದರ ಜಿಲ್ಲೆಯ ಮೂರು ಪಾಲುಗಳನ್ನೇ ನೋಡಿರಿ. ನಮ್ಮ ಬೀದರ ಕ್ಷೇತ್ರವು ಕಾಂಗ್ರೆಸ್ಸಿನ ಶಂಕರದೇವರನ್ನು ಮತ್ತೆ ಆರಿಸಿತು. ಜಹೀರಾಬಾದದ ಕಡೆಯ ಮೆದಕವೂ ಕಾಂಗ್ರೆಸ್ಸನ್ನೇ ಹಿಡಿಯಿತು. ಉದಗೀರದ ಕಡೆಯ ಲಾತೂರು ಮಾತ್ರ ಶೇತಕರಿ ಕಾಮಗಾರ ಪಕ್ಷದ ಉದ್ಧವರಾವ ಪಾಟೀಲರನ್ನು ಕಳಿಸಿತು. ಆ ವರ್ಷದ ಬೇಸಗೆಯ ಮದುವೆಗಳಲ್ಲಿ ಉದಗೀರದ ಬೀಗರೂ ಕೊಡಂಬಲದ ಬೀಗರೂ ಎದುರುಬದುರು ಕುಳಿತು ಹುಗ್ಗಿ ಉಣ್ಣುವಾಗ ಏನೇನು ಮಾತು ನಡೆದಿರಬೇಕೆಂಬುದನ್ನು ಓದುಗರೇ ಊಹಿಸಬಹುದು.

ಉತ್ತರದವರು ಕೇಳಿದರು: ದಕ್ಷಿಣದವರಿಗೆ ಸ್ವಾತಂತ್ರ್ಯದ ಬೆಲೆ ತಿಳಿಯದೇ? ದಕ್ಷಿಣದವರು ಮರುಪ್ರಶ್ನೆ ಹಾಕಿದರು: ಬಡವನ ಹೊಟ್ಟೆಯ ಸಂಗತಿ ನಿಮಗೆ ತಿಳಿಯದೇ? ಎರಡೂ ಪ್ರಶ್ನೆಗಳು ಅವಮಾನ ಮಾಡುವ ಉದ್ದೇಶದಿಂದ ಹುಟ್ಟಿದವು. ಆದರೂ ಎರಡರಲ್ಲಿಯೂ ಸತ್ಯದ ಅಂಶವಿದ್ದಿತು. ಉತ್ತರದ ಹಳ್ಳಿಗಳಲ್ಲಿ ಬಲಾತ್ಕಾರದ ಸಂತಾನಹರಣ ಚಿಕಿತ್ಸೆ ಜನರನ್ನು ಹೊಲಗಳಲ್ಲಿ ಅಡಗುವಂತೆ ಮಾಡಿದ್ದಿತು. ಆ ಕ್ರೌರ್ಯವನ್ನು ದಕ್ಷಿಣವು ಅದೇ ಪ್ರಮಾಣದಲ್ಲಿ ಕಾಣಲಿಲ್ಲ. ಇತ್ತ ಕರ್ನಾಟಕದಲ್ಲಿ ದೇವರಾಜ ಅರಸರ ಸರಕಾರವು 1974ರಿಂದ ಉಳುವವನಿಗೆ ಭೂಮಿಯನ್ನು ಕೊಡಿಸುವ ತಿದ್ದುಪಡಿಯನ್ನು ಜಾರಿಗೆ ತಂದಿದ್ದಿತು. ಗೇಣಿದಾರರಿಂದ ಕಾಲಕ್ರಮದಲ್ಲಿ ಬಂದ ಅರ್ಜಿಗಳು 8 ಲಕ್ಷವನ್ನು ಮೀರಿದವು. 1976ರ ಋಣಪರಿಹಾರ ಕಾಯಿದೆಯು ಬಡವರ ಸಾಲವನ್ನು ತೊಡೆದುಹಾಕಿ, ಒತ್ತೆ ಇಟ್ಟ ಒಡವೆಗಳನ್ನು ಹಿಂದಿರುಗಿಸಲು ಹೇಳಿತು. ಜೀತಪದ್ಧತಿ ಕಾನೂನಿನಿಂದ ರದ್ದಾಯಿತು. ಹಾವನೂರ ಆಯೋಗದ ವರದಿಯ ಮೇಲಿನ ಆಜ್ಞೆ ಹೊರಟುದು ಚುನಾವಣೆಗೆ ಕೆಲವೇ ವಾರಗಳ ಮುಂಚೆ. ಆದ್ದರಿಂದ ಕರ್ನಾಟಕದ ಎಷ್ಟೋ ಜನ ಮತ ಹಾಕುವಾಗ ಅವರ ಕಣ್ಣ ಮುಂದೆ ಇದ್ದುದು ದಿಲ್ಲಿಯ ಸೆರೆಮನೆಯಲ್ಲ, ತಮ್ಮ ಹೆಸರಿನಲ್ಲಿ ಬಂದ ಒಂದು ಕಾಗದ.

ಇಲ್ಲಿ ನನ್ನ ಮನೆಯ ಒಂದು ಮಾತನ್ನು ಹೇಳುವುದಕ್ಕೆ ಓದುಗರ ಅಪ್ಪಣೆ ಬೇಡುತ್ತೇನೆ. ಇದು ನಾನು ಹುಟ್ಟುವುದಕ್ಕಿಂತ ಹಿಂದಿನದು. ನಮ್ಮ ತಂದೆಯವರ ಬಾಯಿಂದ ಕೇಳಿದುದು. ನಮ್ಮ ಮುತ್ತ್ಯಾ ಸಾಲಿಮಾಸ್ತರರಾಗಿದ್ದರು. ಹೈದರಾಬಾದ ವಿಮೋಚನೆಯ ಕಾಲದಲ್ಲಿ ಕೆಲವು ತಿಂಗಳು ಗುಲಬರ್ಗಾ ಸೆರೆಮನೆಯಲ್ಲಿದ್ದು ಬಂದವರು. ಅಪರಾಧವೇನೆಂದು ಹೇಳದೆ ಮನುಷ್ಯನನ್ನು ಒಳಗೆ ಹಾಕುವುದೆಂದರೇನು ಎಂಬುದು ಅವರಿಗೆ ಪುಸ್ತಕದಿಂದ ತಿಳಿದ ವಿದ್ಯೆಯಲ್ಲ. ಅವರ ಬಾಲ್ಯದ ಗೆಳೆಯರೊಬ್ಬರಿದ್ದರು. ನಮ್ಮ ತಂದೆಯವರು ಅವರನ್ನು ಕಾಕಾ ಎಂದೇ ಕರೆಯುತ್ತಿದ್ದರು. ಎರಡು ಎಕರೆಯ ಬರಡು ಹೊಲ, ಉಳಿದ ದಿನಗಳಲ್ಲಿ ಕೂಲಿ. 1972ರ ಬರಗಾಲದಲ್ಲಿ ಜೋಳಕ್ಕಾಗಿ ಹೆಂಡತಿಯ ಬೆಳ್ಳಿಯ ಕಡಗಗಳನ್ನು ಸಾವಕಾರರಲ್ಲಿ ಒತ್ತೆ ಇಟ್ಟಿದ್ದರು. ಬಡ್ಡಿ ಬೆಳೆದು ಕಡಗಗಳು ಮುಳುಗಿಯೇ ಹೋದವೆಂದು ಆಸೆ ಬಿಟ್ಟಿದ್ದಾಗ, ಋಣಪರಿಹಾರದ ಕಾಯಿದೆಯಿಂದ ಅವು ಮರಳಿ ಬಂದವು. ಆ ತಾಯಿ ಅವುಗಳನ್ನು ತೊಟ್ಟುಕೊಂಡು ಮನೆಮನೆಗೆ ಹೋಗಿ ತೋರಿಸಿದಳಂತೆ.

ಚುನಾವಣೆಯ ಫಲ ರೇಡಿಯೋದಲ್ಲಿ ಬಂದ ಮರುದಿನ ಹಣಮಂದೇವರ ಗುಡಿಯ ಮುಂದಿನ ಬೇವಿನ ಕಟ್ಟೆಯ ಮೇಲೆ ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಮುತ್ತ್ಯಾ ಹೇಳಿದರಂತೆ: “ಊರ ಮಂದಿ ಬಾಯೆಲ್ಲಾ ಮುಚ್ಚಿಸಿದ್ರ, ನಾಳಿ ನಿನ್ನ ಕಡಗ ಯಾರರ ಕಸಗೊಂಡಾಗ ನಿನ್ನ ಪರವಾಗಿ ಯಾರ ಬಾಯಿ ತೆರೀತಾರ?” ಕಾಕಾ ತಡಮಾಡದೆ ಉತ್ತರ ಕೊಟ್ಟರು: “ಮಾಸ್ತರ, ಮೂವತ್ತ ವರ್ಷ ಎಲ್ಲರ ಬಾಯಿ ತೆರದೇ ಇತ್ತಲ್ರಿ. ಆಗ ನಮ್ಮ ಕಡಗದ ಮಾತು ಯಾರ ಆಡಿದ್ರು?”

ಈ ಎರಡು ವಾಕ್ಯಗಳಲ್ಲಿ 1977ರ ಭಾರತವೆಲ್ಲವೂ ಅಡಗಿದೆ ಎಂದು ನನಗೆ ಅನಿಸಿದೆ. ಲೋಕಸಭೆಯ ದೀರ್ಘ ಭಾಷಣಗಳು ಇದಕ್ಕಿಂತ ಹೆಚ್ಚಿನದೇನನ್ನೂ ಹೇಳಲಿಲ್ಲ. ದುರ್ದೈವವೆಂದರೆ, ಇಬ್ಬರೂ ಪ್ರಶ್ನೆ ಕೇಳಿದರೇ ಹೊರತು ಉತ್ತರಕ್ಕಾಗಿ ಕಾಯಲಿಲ್ಲ. ಮುತ್ತ್ಯಾ ಎದ್ದು ಹೋದರು. ಅಂದಿನಿಂದ ಕಟ್ಟೆಗೆ ಹೋಗುವುದನ್ನೇ ಬಿಟ್ಟರು. ಎರಡೂವರೆ ವರ್ಷಕ್ಕೂ ಮೇಲ್ಪಟ್ಟು ಇಬ್ಬರ ನಡುವೆ ಮಾತಿಲ್ಲ. ಕತ್ತಿ ಹಿರಿಯಲಿಲ್ಲ, ಬಣವೆಗೆ ಬೆಂಕಿ ಬೀಳಲಿಲ್ಲ. ಆ ಮಟ್ಟಿಗೆ 1948ರಿಂದ ಊರು ಏನನ್ನೋ ಕಲಿತಿತ್ತೆನ್ನಬೇಕು. ಆದರೂ ಮೌನವೂ ಒಂದು ಬಗೆಯ ಹಿಂಸೆಯೇ. ಕಾಕಾನ ಮನೆಯಲ್ಲಿ ಕೂಸು ಹುಟ್ಟಿದಾಗ ನಮ್ಮ ಮನೆಯಿಂದ ಕುಲಾಯಿ ಹೋಗಲಿಲ್ಲವೆಂದು ನಮ್ಮ ತಂದೆಯವರು ಕೊನೆಯವರೆಗೂ ನೊಂದುಕೊಂಡು ಹೇಳುತ್ತಿದ್ದರು.

ಊರಿನಲ್ಲಿ ಹೀಗಿರುವಾಗ ಹೊರಗಿನ ರಾಜಕಾರಣವು ಬೆಂಕಿಗೆ ತುಪ್ಪವನ್ನೇ ಸುರಿಯುತ್ತಿದ್ದಿತು. ತುರ್ತುಪರಿಸ್ಥಿತಿಯ ಅತ್ಯಾಚಾರಗಳ ವಿಚಾರಣೆಗೆ 1977ರ ಮೇ ತಿಂಗಳಲ್ಲಿ ಷಾ ಆಯೋಗ ನೇಮಕವಾಯಿತು. ಅದೇ ವರ್ಷ ಕೇಂದ್ರ ಸರಕಾರವು ಕರ್ನಾಟಕದ ಮುಖ್ಯಮಂತ್ರಿಗಳ ಮೇಲಿನ ಆರೋಪಗಳಿಗಾಗಿ ಗ್ರೋವರ್ ಆಯೋಗವನ್ನು ನೇಮಿಸಿತು. ರಾಜ್ಯವು ಅದನ್ನು ಸರ್ವೋಚ್ಚ ನ್ಯಾಯಾಲಯದವರೆಗೆ ಪ್ರಶ್ನಿಸಿತು. ವರ್ಷದ ಕೊನೆಯ ದಿನ ಕರ್ನಾಟಕದಲ್ಲಿ ರಾಷ್ಟ್ರಪತಿ ಆಳ್ವಿಕೆ ಬಂದಿತು. 1978ರ ಆರಂಭದಲ್ಲಿ ಕಾಂಗ್ರೆಸ್ಸೇ ಒಡೆಯಿತು. ಫೆಬ್ರವರಿಯ ವಿಧಾನಸಭಾ ಚುನಾವಣೆಯಲ್ಲಿ ಕನ್ನಡಿಗರು 224ರಲ್ಲಿ 149 ಸ್ಥಾನಗಳನ್ನು ಇಂದಿರಾ ಕಾಂಗ್ರೆಸ್ಸಿಗೆ ಕೊಟ್ಟು, 59ನ್ನು ಜನತಾ ಪಕ್ಷಕ್ಕೆ ಕೊಟ್ಟರು. ದಿಲ್ಲಿ ಒಂದು ಕಡೆ, ಬೆಂಗಳೂರು ಒಂದು ಕಡೆ ಎಂಬುದು ಎರಡನೆಯ ಸಲ ಸ್ಥಿರವಾಯಿತು.

ಆ ವರ್ಷದ ನವೆಂಬರಿನಲ್ಲಿ ಜಗಳವು ನಮ್ಮ ಬಾಗಿಲಿಗೇ ಬಂದಿತೆನ್ನಬೇಕು. ಚಿಕ್ಕಮಗಳೂರಿನ ಲೋಕಸಭಾ ಸದಸ್ಯರಾಗಿದ್ದ ಡಿ. ಬಿ. ಚಂದ್ರೇಗೌಡರು ತಮ್ಮ ಸ್ಥಾನವನ್ನು ತೆರವು ಮಾಡಿಕೊಟ್ಟರು. ಅಲ್ಲಿಂದ ಇಂದಿರಾ ಗಾಂಧಿಯವರು ನಿಂತರು. ಅವರೆದುರು ಜನತಾ ಪಕ್ಷದಿಂದ ನಿಂತವರು ವೀರೇಂದ್ರ ಪಾಟೀಲರು, ಎಂದರೆ ನಮ್ಮ ನೆರೆಯ ಚಿಂಚೋಳಿಯವರು. 1968ರಿಂದ 1971ರವರೆಗೆ ರಾಜ್ಯದ ಮುಖ್ಯಮಂತ್ರಿಗಳಾಗಿದ್ದವರು. ಹೈದರಾಬಾದ ಕರ್ನಾಟಕದ ಮಣ್ಣಿನಿಂದ ಎದ್ದು ಆ ಪದವಿಗೆ ಏರಿದ ಮೊದಲಿಗರು. ಮಲೆನಾಡಿನ ಕಾಫಿ ತೋಟಗಳ ನಡುವೆ ನಡೆದ ಆ ಸ್ಪರ್ಧೆಯನ್ನು ಜೋಳದ ಹೊಲಗಳ ನಡುವಿನ ನಮ್ಮ ಜನ ತಮ್ಮ ಮನೆಯ ವ್ಯಾಜ್ಯವೆಂಬಂತೆ ಕಂಡರು. ಊರ ಕಡೆಯ ಮನುಷ್ಯನ ಅಭಿಮಾನ ಒಂದು ಕಡೆಗೆ ಎಳೆಯಿತು. ಕಾಯಿದೆಯಿಂದ ಬಂದ ಉಪಕಾರದ ಋಣ ಇನ್ನೊಂದು ಕಡೆಗೆ ಎಳೆಯಿತು. ಮುತ್ತ್ಯಾನ ಬಾಯಲ್ಲಿ ಅವರು ‘ನಮ್ಮ ಪಾಟೀಲರು’. ಕಾಕಾನ ಬಾಯಲ್ಲಿ ‘ನಿಮ್ಮ ಪಾಟೀಲರು’. ಸರ್ವನಾಮವೊಂದು ಎಷ್ಟು ದೂರವನ್ನು ಅಳೆಯಬಲ್ಲದೆಂಬುದನ್ನು ವ್ಯಾಕರಣದ ಪುಸ್ತಕಗಳು ಹೇಳುವುದಿಲ್ಲ. ಇಂದಿರಾ ಗಾಂಧಿಯವರು 77 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು.

ಗೆದ್ದು ಹೋದವರನ್ನು ಲೋಕಸಭೆಯು ಉಳಿಸಿಕೊಳ್ಳಲಿಲ್ಲ. ಹಕ್ಕುಚ್ಯುತಿಯ ಆಪಾದನೆಯ ಮೇಲೆ 1978ರ ಡಿಸೆಂಬರ 19ರಂದು ಅವರನ್ನು ಸದಸ್ಯತ್ವದಿಂದ ಹೊರಹಾಕಿ, ಅಧಿವೇಶನ ಮುಗಿಯುವವರೆಗೆ ಸೆರೆಮನೆಯಲ್ಲಿ ಇರಿಸಲು ನಿರ್ಣಯವಾಯಿತು. ಆಗ ಸಭಾಧ್ಯಕ್ಷರ ಪೀಠದಲ್ಲಿದ್ದವರು ಬೆಂಗಳೂರು ದಕ್ಷಿಣದಿಂದ ಗೆದ್ದ ಕೆ. ಎಸ್. ಹೆಗ್ಡೆಯವರು. ಕರ್ನಾಟಕವು ಆರಿಸಿ ಕಳಿಸಿದ ಒಬ್ಬರು ಪೀಠದಲ್ಲಿ, ಕರ್ನಾಟಕವೇ ಆರಿಸಿ ಕಳಿಸಿದ ಇನ್ನೊಬ್ಬರು ಸೆರೆಮನೆಯ ದಾರಿಯಲ್ಲಿ! ಕಟ್ಟೆಯ ಜನ ಇದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು? ಲಕ್ಷ ಜನರನ್ನು ಸೆರೆಯಲ್ಲಿಟ್ಟವರಿಗೆ ಒಂದು ವಾರದ ಸೆರೆ ಹೆಚ್ಚಾಯಿತೇ ಎಂದರು ಕೆಲವರು. ಮತದಾರರು ಕಳಿಸಿದವರನ್ನು ಬಹುಮತದ ಬಲದಿಂದ ಹೊರಗಟ್ಟಿದರೆ ತುರ್ತುಪರಿಸ್ಥಿತಿಯಿಂದ ನೀವು ಕಲಿತದ್ದೇನು ಎಂದರು ಬೇರೆಯವರು. ಆ ನಿರ್ಣಯವನ್ನು ಮುಂದೆ 1981ರಲ್ಲಿ ಹೊಸ ಲೋಕಸಭೆಯು ರದ್ದುಪಡಿಸಿತು.

ಇಷ್ಟೆಲ್ಲ ಗದ್ದಲದ ನಡುವೆ ಅದೇ ಸಂಸತ್ತಿನಲ್ಲಿ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆಯಿತು. ಅದರ ಕಡೆಗೆ ಓದುಗರ ಗಮನವನ್ನು ವಿಶೇಷವಾಗಿ ಸೆಳೆಯಬೇಕೆಂದಿದ್ದೇನೆ. 1978ರಲ್ಲಿ ಸಂಸತ್ತು ಒಪ್ಪಿದ ಸಂವಿಧಾನದ 44ನೆಯ ತಿದ್ದುಪಡಿಯೇ ಅದು. ‘ಆಂತರಿಕ ಕ್ಷೋಭೆ’ ಎಂಬ ಸಡಿಲವಾದ ಕಾರಣವನ್ನು ತೆಗೆದು, ಸಶಸ್ತ್ರ ಬಂಡಾಯವಿದ್ದ ಹೊರತು ಒಳಗಿನ ಕಾರಣಕ್ಕಾಗಿ ತುರ್ತುಪರಿಸ್ಥಿತಿಯನ್ನು ಸಾರುವಂತಿಲ್ಲ ಎಂದು ಅದು ವಿಧಿಸಿತು. ಮಂತ್ರಿಮಂಡಲದ ಲಿಖಿತ ಸಲಹೆ ಬೇಕೆಂದಿತು. ಯಾವ ತುರ್ತುಪರಿಸ್ಥಿತಿಯಲ್ಲಿಯೂ ಜೀವದ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕಿಗಾಗಿ ನ್ಯಾಯಾಲಯದ ಬಾಗಿಲು ಮುಚ್ಚದಂತೆ ಮಾಡಿತು. ಇದು ನಮ್ಮ ಮುತ್ತ್ಯಾನ ಪ್ರಶ್ನೆಗೆ ಉತ್ತರ. ಅದೇ ತಿದ್ದುಪಡಿಯು ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದು ಸಾಮಾನ್ಯ ಕಾನೂನಿನ ಹಕ್ಕನ್ನಾಗಿ ಮಾಡಿತು. ಭೂಸುಧಾರಣೆಯ ಕಾಯಿದೆಗಳು ಸ್ವಾತಂತ್ರ್ಯ ಬಂದಂದಿನಿಂದ ನ್ಯಾಯಾಲಯಗಳಲ್ಲಿ ಎಡವುತ್ತ ಬಂದುದು ಆ ಹಕ್ಕಿನ ಕಲ್ಲಿಗೇ. ಇದು ಕಾಕಾನ ಪ್ರಶ್ನೆಗೆ ಉತ್ತರ.

ರಾಜ್ಯಸಭೆಯಲ್ಲಿ ಆಗ ಜನತಾ ಪಕ್ಷಕ್ಕೆ ಬಹುಮತವಿರಲಿಲ್ಲವೆಂಬುದನ್ನು ಮರೆಯಬಾರದು. ಸಂವಿಧಾನದ ತಿದ್ದುಪಡಿಗೆ ಎರಡೂ ಸದನಗಳಲ್ಲಿ ಮೂರರಲ್ಲಿ ಎರಡು ಪಾಲು ಬೇಕು. ಎಂದ ಮೇಲೆ ಕಾಂಗ್ರೆಸ್ಸಿನವರ ಒಪ್ಪಿಗೆಯಿಲ್ಲದೆ ಅದು ಆಗುವಂತಿರಲಿಲ್ಲ. ಅದರ ಕೆಲವು ಅಂಶಗಳನ್ನು ರಾಜ್ಯಸಭೆ ತಿರಸ್ಕರಿಸಿತು; ಉಳಿದವನ್ನು ಕೂಡಿಯೇ ಮಾಡಿದರು. ಹೊರಗೆ ಪ್ರಜೆಗಳು ಒಬ್ಬರ ಮುಖ ಒಬ್ಬರು ನೋಡದಂತೆ ಮುನಿಸಿಕೊಂಡಿದ್ದ ಕಾಲದಲ್ಲಿಯೇ, ಎರಡೂ ಪಕ್ಷಗಳ ಸತ್ಯವನ್ನು ಒಂದೇ ಕಾಗದದ ಮೇಲೆ ಬರೆದುಕೊಳ್ಳಲು ಸಾಧ್ಯವಾಯಿತು! ಇನ್ನೂ ಒಂದು ಮಾತು. ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದುದು 1974ರಲ್ಲಿ. ಆಗ ಪತ್ರಿಕೆಗಳಿಗೆ ಬಾಯಿತ್ತು, ವಿರೋಧ ಪಕ್ಷಗಳು ಶಾಸನಸಭೆಯಲ್ಲಿದ್ದವು. ನ್ಯಾಯ ಬೇಕಾದರೆ ಸ್ವಾತಂತ್ರ್ಯವನ್ನು ಒತ್ತೆ ಇಡಲೇಬೇಕೆಂಬ ವಾದವು ಆ ಒಂದು ತಾರೀಖಿನಿಂದಲೇ ಬಿದ್ದುಹೋಗುತ್ತದೆ. ಸ್ವಾತಂತ್ರ್ಯವಿದ್ದಷ್ಟರಿಂದಲೇ ಬಡವನ ಕಡಗ ಬಿಡುಗಡೆಯಾಗುತ್ತದೆಂಬ ವಾದವು ನಿಲ್ಲುವುದಿಲ್ಲವೆಂಬುದನ್ನು ಅದರ ಹಿಂದಿನ ಇಪ್ಪತ್ತೇಳು ವರ್ಷಗಳು ತೋರಿಸಿಕೊಟ್ಟಿವೆ.

1979ರಲ್ಲಿ ಚದುರಂಗದ ಮಣೆಯೇ ತಿರುಗಿತು. ಇಂದಿರಾ ಗಾಂಧಿಯವರನ್ನು ಚಿಕ್ಕಮಗಳೂರಿಗೆ ಕರೆತಂದು ಗೆಲ್ಲಿಸಿದ ದೇವರಾಜ ಅರಸರು ಅವರಿಂದ ಬೇರೆಯಾದರು. ಅವರ ಎದುರು ನಿಂತು ಸೋತ ವೀರೇಂದ್ರ ಪಾಟೀಲರು ಅವರ ಪಕ್ಷವನ್ನೇ ಸೇರಿ, 1980ರ ಜನವರಿಯ ಲೋಕಸಭಾ ಚುನಾವಣೆಗೆ ಬಾಗಲಕೋಟೆಯಿಂದ ಅಭ್ಯರ್ಥಿಯಾದರು. ಮುಂದೆ ಗೆದ್ದು ಕೇಂದ್ರದಲ್ಲಿ ಮಂತ್ರಿಗಳೂ ಆದರು. ಇಂದಿರಾ ಗಾಂಧಿಯವರು ಆ ಸಲ ರಾಯಬರೇಲಿಯ ಜೊತೆಗೆ ನಮ್ಮ ನೆರೆಯ ಮೆದಕದಿಂದಲೂ ನಿಂತಿದ್ದರು. ಎರಡೂ ಕಡೆ ಗೆದ್ದು ಮೆದಕವನ್ನೇ ಉಳಿಸಿಕೊಂಡರು. ಕರ್ನಾಟಕವು 28ರಲ್ಲಿ 27ನ್ನು ಅವರ ಪಕ್ಷಕ್ಕೆ ಕೊಟ್ಟಿತು. ಅರಸರ ಪಕ್ಷಕ್ಕೆ ಇಲ್ಲಿ ಒಂದು ಸ್ಥಾನವೂ ಸಿಗಲಿಲ್ಲ.

ಆ ಚುನಾವಣೆಗೆ ಮುಂಚೆ, 1979ರ ಡಿಸೆಂಬರಿನಲ್ಲಿ ಎಳ್ಳ ಅಮಾವಾಸ್ಯೆ ಬಂದಿತು. ಬೀದರ ಸೀಮೆಯಲ್ಲಿ ಇದು ದೊಡ್ಡ ಹಬ್ಬ. ಹಿಂಗಾರಿಯ ಬಿಳಿಜೋಳ ಎದೆಯುದ್ದ ನಿಂತಿರುತ್ತದೆ. ಮನೆಮಂದಿಯೆಲ್ಲ ಸಜ್ಜಿ ರೊಟ್ಟಿ, ಭಜ್ಜಿ, ಅಂಬಲಿಗಳನ್ನು ಹೊತ್ತು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಜೋಳದ ನೆರಳಲ್ಲಿ ಕುಳಿತು ಉಣ್ಣುತ್ತಾರೆ. ಹೊಲವಿಲ್ಲದವರನ್ನು ಹೊಲವಿದ್ದವರು ಕರೆಯಬೇಕು. ಕರೆಯದಿದ್ದರೆ ಬೆಳೆಗೆ ಕೇಡು ಎಂದು ನಂಬಿಕೆ. ಮುತ್ತ್ಯಾ ಚರಗ ಚೆಲ್ಲಿ ಊಟಕ್ಕೆ ಕುಳಿತಿದ್ದಾಗ ಬದುವಿನ ಮೇಲೆ ಕಾಕಾ ಬಂದು ನಿಂತರಂತೆ. ಯಾರೂ ಕರೆದಿರಲಿಲ್ಲ.

“ನಿಮ್ಮ ಪಾಟೀಲರು ಅಮ್ಮನ ಮನಿಗಿ ಹೋದ್ರು, ಮಾಸ್ತರ,” ಎಂದರು ಕಾಕಾ. “ನಮ್ಮ ಅರಸರು ಅಮ್ಮನ ಮನಿ ಬಿಟ್ಟು ಬಂದ್ರು. ನಾ ನಿಮ್ಮ ಹೊಲಕ್ಕ ಊಟಕ್ಕ ಬಂದ್ರ ತಪ್ಪಾತದೇನ್ರಿ?”

ಮುತ್ತ್ಯಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕಂಬಳಿಯನ್ನು ಪಕ್ಕಕ್ಕೆ ಎಳೆದು, “ಬಾ, ಕೂಡು. ಭಜ್ಜಿ ಆರ್ಲತದ,” ಎಂದರು.

ಓದುಗರು ಇಲ್ಲಿಗೆ ಕಥೆ ಮುಗಿಯಿತೆಂದು ತಿಳಿಯಬಾರದು. ಅಂಬಲಿ ಕುಡಿದು ಮುಗಿಯುವುದರೊಳಗಾಗಿ ಇಬ್ಬರಿಗೂ ಮತ್ತೆ ವಾದ ಹತ್ತಿತಂತೆ. ಮುತ್ತ್ಯಾ ತಮ್ಮ ಮತವನ್ನು ಬಿಡಲಿಲ್ಲ, ಕಾಕಾ ತಮ್ಮದನ್ನು ಬಿಡಲಿಲ್ಲ. 1980ರ ಚುನಾವಣೆಯಲ್ಲಿ ಇಬ್ಬರೂ ಬೇರೆಬೇರೆ ಗುರುತಿಗೆ ಮುದ್ರೆ ಒತ್ತಿದರೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಗುಟ್ಟು. ವ್ಯತ್ಯಾಸವಿಷ್ಟೇ: ಮತ ಎರಡಾಗಿಯೇ ಉಳಿದವು, ಕಟ್ಟೆ ಮತ್ತೆ ಒಂದಾಯಿತು. ಅಂದಿನಿಂದ ಮುತ್ತ್ಯಾ ತೀರಿಕೊಳ್ಳುವವರೆಗೂ ಆ ಬೇವಿನ ನೆರಳಲ್ಲಿ ಅವರ ಜಗಳ ತಪ್ಪಿದ ಸಂಜೆಯಿಲ್ಲವಂತೆ.

ನಾಯಕರು ಪಕ್ಷ ಬದಲಿಸಿದರೆಂದು ಅವರನ್ನು ಹಳಿಯುವುದಕ್ಕಾಗಿ ನಾನು ಇದನ್ನು ಹೇಳಲಿಲ್ಲ. ವೀರೇಂದ್ರ ಪಾಟೀಲರು 1989ರಲ್ಲಿ ಮತ್ತೆ ಮುಖ್ಯಮಂತ್ರಿಗಳಾದರು. ಅವರ ಪ್ರಾಮಾಣಿಕತೆಯನ್ನು ಅವರ ವಿರೋಧಿಗಳೂ ಗೌರವಿಸುತ್ತಿದ್ದರು. ಹುಮನಾಬಾದಿನವರೇ ಆದ ರಾಮಚಂದ್ರ ವೀರಪ್ಪನವರನ್ನು ಬೀದರ ಕ್ಷೇತ್ರವು 1962 ಮತ್ತು 1967ರಲ್ಲಿ ಕಾಂಗ್ರೆಸ್ಸಿನಿಂದ ಆರಿಸಿತು. 1991ರಿಂದ ಮೇಲಿಂದ ಮೇಲೆ ಭಾರತೀಯ ಜನತಾ ಪಕ್ಷದಿಂದ ಆರಿಸಿತು. 2004ರಲ್ಲಿ ತೊಂಬತ್ತನ್ನು ದಾಟಿದ ವಯಸ್ಸಿನಲ್ಲಿ ಅವರು ಲೋಕಸಭೆಯ ಸದಸ್ಯರಾಗಿಯೇ ತೀರಿಕೊಂಡರು. ರಾಜಕಾರಣದಲ್ಲಿ ಕೂಡುವುದೂ ಅಗಲುವುದೂ ನಡೆದೇ ಇರುತ್ತದೆ. ಅವರು ಅಗಲಿದಾಗ ನಾವು ಅಗಲಿ, ಅವರು ಕೂಡಿದ ಮೇಲೆಯೂ ನಾವು ಅಗಲಿಯೇ ಉಳಿಯುವುದಾದರೆ ನಷ್ಟ ಯಾರಿಗೆಂಬುದೇ ಪ್ರಶ್ನೆ.

ಮತದಾರನು ಗುಂಪಿನ ಗುಲಾಮನಾಗಬೇಕಾಗಿಲ್ಲವೆಂಬುದನ್ನೂ ಕರ್ನಾಟಕವೇ ತೋರಿಸಿಕೊಟ್ಟಿದೆ. 1983ರಲ್ಲಿ ರಾಜ್ಯದಲ್ಲಿ ಮೊದಲ ಸಲ ಕಾಂಗ್ರೆಸ್ಸೇತರ ಸರಕಾರ ಬಂದಿತು. 1984ರ ಡಿಸೆಂಬರಿನಲ್ಲಿ, ಇಂದಿರಾ ಗಾಂಧಿಯವರ ಹತ್ಯೆಯ ಬಳಿಕ, ಇದೇ ಜನ ಲೋಕಸಭೆಗೆ 28ರಲ್ಲಿ 24 ಕಾಂಗ್ರೆಸ್ಸಿಗರನ್ನು ಕಳಿಸಿದರು. ಆ ಸೋಲನ್ನು ಒಪ್ಪಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. 1985ರ ಮಾರ್ಚಿಯಲ್ಲಿ ಅದೇ ಮತದಾರರು ಅವರ ಜನತಾ ಪಕ್ಷಕ್ಕೆ 139 ಸ್ಥಾನಗಳನ್ನು ಕೊಟ್ಟರು. ಮೂರು ತಿಂಗಳಲ್ಲಿ ಎರಡು ತೀರ್ಪು! ಚಂಚಲತೆಯೆಂದು ನಕ್ಕವರುಂಟು. ನನಗಾದರೋ ಅದು ವಿವೇಕವಾಗಿ ಕಾಣುತ್ತದೆ. ದಿಲ್ಲಿಗೆ ಯಾರು, ಬೆಂಗಳೂರಿಗೆ ಯಾರು ಎಂದು ಬೇರೆಬೇರೆಯಾಗಿ ತೂಗಿ ನೋಡುವ ತಕ್ಕಡಿ ಅವರ ಕೈಯಲ್ಲಿದ್ದಿತು. ತೂಗುವವನು ಒಂದೇ ತಟ್ಟೆಯಲ್ಲಿ ಕುಳಿತುಕೊಂಡರೆ ತಕ್ಕಡಿ ಕೆಲಸಕ್ಕೆ ಬಾರದು.

ಈಗ ಕಾಲ ಬೇರೆಯಾಗಿದೆ. ಪ್ರತಿ ಚುನಾವಣೆಯ ಮರುದಿನ ಮನೆಗಳಲ್ಲಿ ಅಣ್ಣತಮ್ಮಂದಿರು ಮುನಿಸಿಕೊಳ್ಳುವುದನ್ನೂ, ತರಗತಿಯಲ್ಲಿ ಒಂದೇ ಬೆಂಚಿನ ವಿದ್ಯಾರ್ಥಿಗಳು ಬೇರೆ ಬೆಂಚು ಹುಡುಕುವುದನ್ನೂ ನಾನು ಕಂಡಿದ್ದೇನೆ. ಹಿಂದಿನವರ ಜಗಳಕ್ಕೆ ಒಂದು ಅನುಕೂಲವಿದ್ದಿತು. ಮುನಿಸಿಕೊಂಡವನು ಮರುದಿನ ಬಾವಿಯ ಬಳಿ ಎದುರಾಗುತ್ತಿದ್ದ. ಬಿತ್ತುವ ಹೊತ್ತಿಗೆ ಅವನ ಕೂರಿಗೆ ಬೇಕಾಗುತ್ತಿತ್ತು. ವರ್ಷಕ್ಕೊಮ್ಮೆ ಎಳ್ಳ ಅಮಾವಾಸ್ಯೆ ಬಂದು ಬದುವಿನ ಮೇಲೆ ತಂದು ನಿಲ್ಲಿಸುತ್ತಿತ್ತು. ಇಂದಿನವರು ತಮ್ಮ ಮತದವರನ್ನಷ್ಟೇ ಆರಿಸಿಕೊಂಡು ದಿನವಿಡೀ ಅವರ ಸಂಗಡವೇ ಇರಬಹುದು. ಎದುರು ಮತದವನ ಹೆಂಡತಿಯ ಕಡಗಗಳನ್ನು ಅವರು ನೋಡುವ ಪ್ರಸಂಗವೇ ಬಾರದು. ಅವನು ಯಾವ ಸೆರೆಮನೆಯನ್ನು ಕಂಡು ಬಂದಿದ್ದಾನೆಂದು ಕೇಳುವ ಪ್ರಸಂಗವೂ ಬಾರದು.

ಮುತ್ತ್ಯಾ ಕೇಳಿದ ಪ್ರಶ್ನೆಯೂ ಕಾಕಾ ಕೇಳಿದ ಪ್ರಶ್ನೆಯೂ ಇಂದಿಗೂ ಹಳೆಯವಾಗಿಲ್ಲ. ಯಾವ ಪಕ್ಷ ಗೆದ್ದರೂ ಆ ಎರಡನ್ನೂ ಅದರ ಮುಂದಿಡಬೇಕು. ಅವುಗಳನ್ನು ಕೇಳಲು ಇಬ್ಬರು ಬೇಕು, ಮತ್ತು ಆ ಇಬ್ಬರೂ ಒಬ್ಬರ ಮಾತು ಒಬ್ಬರಿಗೆ ಕೇಳುವಷ್ಟು ಹತ್ತಿರದಲ್ಲಿ ಕುಳಿತಿರಬೇಕು. ಕೊಡಂಬಲದ ಆ ಬೇವಿನ ಮರ ಈಗಿಲ್ಲ. ಕಟ್ಟೆ ಮಾತ್ರ ಇದೆ.